ಏಳು ದೀಪದ ಅಂಗಿ

ಭಾನುವಾರ, ನವೆಂಬರ್ 16
ಅಂಗಡಿಯಿಂದ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದವಿಟ್ಟುಕೊಂಡು

ನನ್ನ ಪ್ರೀತಿಯ, ಸಿಡುಕಿನ ಅಕ್ಕನಿಗೆ,

ನಿನ್ನ ದೊರೆ ಚೆನ್ನಾಗಿದ್ದಾನೆ. ಮೊದಲು ಇದನ್ನು ಓದಿ ಉಸಿರು ಬಿಡು. ನಾನಿದನ್ನು ಬರೆಯುತ್ತಿರುವಾಗ ಆ ನಾಯಿ ಮಹಾಶಯ ನನ್ನ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಗದ್ದವಿಟ್ಟು ಗೊರಕೆ ಹೊಡೆಯುತ್ತಿದ್ದಾನೆ. ಹೆಸರಿಗೆ ತಕ್ಕ ಹಾಗೆ ದೊರೆಯೇ. ಅವನು ಏಳುವವರೆಗೆ ನನಗೆ ಕೆಲಸವಿಲ್ಲ. ನಾನೂ ಚೆನ್ನಾಗಿದ್ದೇನೆ, ಈಗ. ಆ ಒಂದು ‘ಈಗ’ದ ಕಥೆ ಹೇಳಲು ಇಷ್ಟುದ್ದ ಕಾಗದ.

ಫೋನಿಲ್ಲವೇ, ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುತ್ತೀಯಾ? ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಊಹಿಸಿ, ಅತ್ತು, ಮೂಗು ಒರೆಸಿಕೊಂಡು, ಕೊನೆಗೆ ನನಗೇ ಸಮಾಧಾನ ಹೇಳಿ ಮುಗಿಸಿರುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಇದನ್ನು ಮಗಳ ಕೈಲಿ ಓದಿಸಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು. ಮುಂದಿನ ತಿಂಗಳು ನೀನು ಕೋಲು ಹಿಡಿದು ನಿನ್ನ ಮನೆಗೆ ವಾಪಸು ಬರುತ್ತೀಯಂತೆ. ಬಂದವಳೇ ದೊರೆಯ ಎರಡು ಪಕ್ಕೆಯಲ್ಲಿ ಕೂದಲು ಕತ್ತರಿಸಿರುವುದನ್ನು ನೋಡುತ್ತೀಯ, ನನ್ನ ಕಿಟಕಿಯ ಮೇಲಿನ ಗುಳಿಗೆ ಡಬ್ಬಿಗಳನ್ನು ನೋಡುತ್ತೀಯ, ಆಮೇಲೆ ನನ್ನ ಚರ್ಮ ಸುಲಿಯುತ್ತೀಯ. ಅದಕ್ಕಿಂತ ಮೊದಲೇ ಎಲ್ಲ ಹೇಳಿಬಿಡುವುದು ವಾಸಿ.

ಐದು ತಿಂಗಳ ಹಿಂದೆ ನೀನು ಸೊಂಟದ ಮೂಳೆ ಮುರಿದುಕೊಂಡು ಮಗಳ ಮನೆಗೆ ಹೊರಟಾಗ ಕಾರಿನ ಕಿಟಕಿಯಿಂದ ಕೈ ಚಾಚಿ ದೊರೆಯ ಬೆಲ್ಟನ್ನು ನನ್ನ ಕೈಗೆ ಕೊಟ್ಟೆಯಲ್ಲ, ನೆನಪಿದೆಯಾ? ಮಗಳ ಆ ಕಟ್ಟಡದಲ್ಲಿ ನಾಯಿಗೆ ಜಾಗವಿಲ್ಲ, ನನಗೋ ನಾಯಿ ಅಂದರೆ ಅಷ್ಟಕ್ಕಷ್ಟೆ. ಆದರೂ ಬೇರೆ ಯಾರಿದ್ದಾರೆ? ನೀನು ಹೇಳಿದ್ದು ಇಷ್ಟು. “ಗುಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಅವನ ಹಾರ್ಟು ವೀಕು. ದಿನಾ ಸಂಜೆ ಎಡಗಡೆ ಮುಂಗಾಲಿನ ಹಿಂದೆ ಕೈ ಇಟ್ಟು ನೋಡು. ಸರಿಯಾಗಿ ಹೊಡ್ಕೊಳ್ತಿದೆಯಾ ಅಂತ ನನಗೆ ಹೇಳು. ಅವನಿದ್ದಾನೆ ಅಂತ ತಾನೇ ನಾನು ಏಳೋದು, ನಡೆಯೋದು. ಅವನಿಗೇನಾದ್ರೂ ಆದ್ರೆ ನಾನು ಯಾರಿಗೋಸ್ಕರ ನಡೀಲಿ?” ತಂಗಿಗೋಸ್ಕರ ನಡೆಯಬಹುದಿತ್ತು. ಇರಲಿ, ಅದನ್ನು ನೀನು ಬಂದ ಮೇಲೆ ವಿಚಾರಿಸಿಕೊಳ್ಳುತ್ತೇನೆ.

ಅವತ್ತು ಸಂಜೆಯೇ ಅವನ ಮುಂಗಾಲಿನ ಹಿಂದೆ ಕೈ ಇಟ್ಟೆ. ಏನೂ ತಿಳಿಯಲಿಲ್ಲ. ಒತ್ತಿ ನೋಡಿದೆ. ಬೆರಳು ಬದಲಿಸಿ ನೋಡಿದೆ. ದೊರೆ ಕತ್ತು ತಿರುಗಿಸಿ, ಏನಮ್ಮಾ ಕಳ್ಕೊಂಡೆ ಅನ್ನುವ ಹಾಗೆ ನನ್ನನ್ನೇ ನೋಡಿದ. ಮೈ ಬೆಚ್ಚಗಿರುವುದು ಗೊತ್ತಾಗುತ್ತಿತ್ತು, ಉಸಿರಿಗೆ ಪಕ್ಕೆ ಏರಿಳಿಯುವುದು ಕಣ್ಣಿಗೆ ಕಾಣುತ್ತಿತ್ತು, ಬಡಿತ ಮಾತ್ರ ಇಲ್ಲ. ಬಾಲ ಅಲ್ಲಾಡಿಸುತ್ತಿರುವ ನಾಯಿಗೆ ಎದೆ ನಿಂತಿರುತ್ತದೆಯೇ? ಸತ್ತಿದ್ದು ನನ್ನ ಬೆರಳು.

ಎರಡು ವರ್ಷದಿಂದ ಹೀಗೇ ಅಕ್ಕ. ಮೊದಮೊದಲು ತುದಿ ಜುಮುಜುಮು ಅನ್ನುತ್ತಿತ್ತು, ಆಮೇಲೆ ಮರಗಟ್ಟಿತು. ನಲವತ್ತು ವರ್ಷ ಸೂಜಿ ಹಿಡಿದ ಕೈ, ದಡ್ಡುಗಟ್ಟಿದೆ ಅಂದುಕೊಂಡೆ. ಕಣ್ಣು ಮುಚ್ಚಿ ಮುಟ್ಟಿ ಇದು ರೇಷ್ಮೆ, ಇದು ಬೆರಕೆ ಅನ್ನುತ್ತಿದ್ದವಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳುವ ಹಾಗಾಯಿತು. ಟೀಚರಮ್ಮನ ಕಾಲರು ಎರಡು ಸಲ ಬಿಚ್ಚಿ ಹೊಲಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬೇರೆ. ವಯಸ್ಸಾಯಿತು, ಈ ವರ್ಷ ಕಳೆದರೆ ಅಂಗಡಿ ಮುಚ್ಚೋಣ ಅಂತ ಒಳಗೊಳಗೇ ತೀರ್ಮಾನಿಸಿ ಕೂತಿದ್ದೆ. ಯಾರಿಗೂ ಹೇಳಲಿಲ್ಲ. ದರ್ಜಿಗೆ ಬೆರಳೇ ಇಲ್ಲ ಅಂತ ಗೊತ್ತಾದರೆ ಬಟ್ಟೆ ಕೊಡುವವರು ಯಾರು?

ನಿನಗಾದರೂ ಹೇಳಬೇಕಿತ್ತು. ನೀನು ಫೋನ್ ಮಾಡಿ, “ಕೈ ಇಟ್ಟು ನೋಡಿದ್ಯಾ? ಹೇಗಿದೆ?” ಅಂದಾಗ ನನ್ನ ಬಾಯಿಂದ, “ಹೂಂ, ಚೆನ್ನಾಗಿ ಹೊಡ್ಕೊಳ್ತಿದೆ” ಅಂತ ಬಂದುಬಿಟ್ಟಿತು. ಯಾಕೆ ಗೊತ್ತಾ? ಚಿಕ್ಕವರಿದ್ದಾಗ ನಾನು ಗೇಟು ಹಾಕುವುದನ್ನು ಮರೆತು ನಿನ್ನ ಬಿಳಿ ನಾಯಿಮರಿ ಬೀದಿಗೆ ಓಡಿ, ಹೋದದ್ದು ಹೋಯಿತೇ. ಅವತ್ತು ನೀನು, “ಇವಳ ಕೈಗೆ ಯಾವ ಜೀವಾನೂ ಕೊಡಬಾರದು” ಅಂದಿದ್ದೆ. ನಿನಗೆ ಮರೆತಿರುತ್ತದೆ. ನನಗೆ ಮರೆತಿಲ್ಲ. ಈಗ ಎರಡನೆಯ ಸಲ ಕೊಟ್ಟಿದ್ದೀಯ. ನನಗೇನೂ ತಿಳಿಯುತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಹಾಗಾಗಿ ಆರು ವಾರ, ದಿನಕ್ಕೊಂದರಂತೆ, ಅದೇ ಸುಳ್ಳನ್ನು ಇಸ್ತ್ರಿ ಮಾಡಿ ಮಾಡಿ ಹೇಳಿದೆ.

ಸುಳ್ಳು ಹೇಳುವುದು ಸುಲಭ, ಆದರೆ ಹೇಳಿದ ಮೇಲೆ ನಿದ್ದೆ ಬರಬೇಕಲ್ಲ. ನಿಜವಾಗಿಯೂ ಅವನ ಎದೆ ತಪ್ಪಿ ಬಡಿಯುತ್ತಿದ್ದರೆ? ಕೊನೆಗೊಂದು ದಿನ ಪಕ್ಕದ ಅಂಗಡಿಯ ರೇಡಿಯೋದವರ ಹತ್ತಿರ ಹೋದೆ. ಈಗ ಅವರ ಹತ್ತಿರ ರೇಡಿಯೋ ತರುವವರು ಯಾರೂ ಇಲ್ಲ, ಮೊಬೈಲು, ಮಿಕ್ಸಿ ರಿಪೇರಿ ಮಾಡುತ್ತಾರೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ನಾಯಿಯ ಎದೆಬಡಿತ ಕಣ್ಣಿಗೆ ಕಾಣುವ ಹಾಗೆ ಏನಾದರೂ ಮಾಡಲು ಆಗುತ್ತದೆಯೇ ಅಂತ ಕೇಳಿದೆ. “ಯಾಕೆ, ಕೈ ಇಟ್ಟು ನೋಡಕ್ಕೇನು ಧಾಡಿ?” ಅಂದರು. “ಬಾಯಿ ಗಟ್ಟಿಯಿದೆ, ಕಿವಿ ಗಟ್ಟಿಯಿದೆ, ಬೆರಳು ಮಾತ್ರ ಹೋಗಿದೆ” ಅಂದೆ. ಎರಡು ವರ್ಷದಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ನಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು, ಒಂದು ರಟ್ಟಿನ ಮೇಲೆ ಗೆರೆ ಎಳೆಯಲು ಶುರುಮಾಡಿದರು.

ಉಪಾಯ ಇಷ್ಟೇ. ದೊರೆಗೊಂದು ಅಂಗಿ. ಅಂಗಿಯ ಒಳಗೆ, ಎಡಕ್ಕೊಂದು ಬಲಕ್ಕೊಂದು, ಲೋಹದ ನೂಲಿನ ಎರಡು ಪಟ್ಟಿ. ಅವು ಅವನ ಚರ್ಮಕ್ಕೆ ತಾಗಿಕೊಂಡಿರಬೇಕು. ಎದೆ ಬಡಿದಾಗಲೆಲ್ಲ ಮೈಯಲ್ಲಿ ಕೂದಲೆಳೆಯಷ್ಟು ಕರೆಂಟು ಓಡುತ್ತದಂತೆ. ಪಟ್ಟಿ ಅದನ್ನು ಹಿಡಿದು ಬೆನ್ನ ಮೇಲಿನ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಮುಟ್ಟಿಸುತ್ತದೆ, ಡಬ್ಬಿ ಏಳು ಕೆಂಪು ದೀಪಗಳನ್ನು ಮಿಟುಕಿಸುತ್ತದೆ. ಡಬ್ಬಿ, ದೀಪ ಅವರ ಪಾಲು. ಅಂಗಿ, ಪಟ್ಟಿ, ನಡುವಿನ ದಾರ ನನ್ನ ಪಾಲು. ವೈರು ಬೇಡ, ನಾಯಿ ಕಚ್ಚಿ ಹಾಕುತ್ತದೆ ಅಂತ ಅವರು ಕರೆಂಟು ಹರಿಯುವ ಉಕ್ಕಿನ ದಾರ ತರಿಸಿಕೊಟ್ಟರು.

ಆ ದಾರದ ಕಥೆ ಕೇಳಬೇಡ. ಯಂತ್ರಕ್ಕೆ ಹಾಕಿದರೆ ಮೂರು ಸೂಜಿ ಮುರಿಯಿತು. ಕೈಯಲ್ಲಿ ಹೊಲಿದರೆ ಗಂಟು ನಿಲ್ಲದು, ತುದಿ ಬೆಕ್ಕಿನ ಮೀಸೆಯ ಹಾಗೆ ಕೆದರಿಕೊಳ್ಳುತ್ತದೆ. ಹೋಗುವ ದಾರ, ಬರುವ ದಾರ ಒಂದಕ್ಕೊಂದು ಸೋಕಬಾರದು. ಸೋಕಿದರೆ ಎಲ್ಲ ದೀಪವೂ ಆರಿ ಡಬ್ಬಿ ಬಿಸಿಯಾಗುತ್ತದೆ. ನನಗೆ ದಾರವಿರುವುದೇ ಬೆರಳಿಗೆ ತಿಳಿಯದು, ಸೋಕಿದ್ದು ಹೇಗೆ ತಿಳಿಯಬೇಕು? ಭೂತಗನ್ನಡಿ ಹಿಡಿದು ಒಂದೊಂದು ಹೊಲಿಗೆಯನ್ನೂ ನೋಡಿ ನೋಡಿ ಹಾಕಿದೆ. ಹನ್ನೊಂದು ದಿನ ಹಿಡಿಯಿತು. ದೊರೆಯ ಪಕ್ಕೆಯ ಕೂದಲು ಕತ್ತರಿಸಿದ್ದೂ ನಾನೇ, ನಾಣ್ಯದಷ್ಟಗಲ. ಬೈಯಬೇಡ, ಈಗ ಮತ್ತೆ ಬರುತ್ತಿದೆ.

ಇಲ್ಲೊಂದು ಕೆಲಸ ಮಾಡಿದೆ. ರೇಡಿಯೋದವರು ಪಟ್ಟಿ ಒಳಗಡೆ ಮಾತ್ರ ಅಂದಿದ್ದರು. ಒಳಗೊಂದು ಥರ, ಹೊರಗೊಂದು ಥರ ಹೊಲಿಯುವುದು ನನ್ನ ಕೈಗೆ ಬರುತ್ತದೆಯೇ? ಬಟ್ಟೆ ತಿರುಗಿಸಿ ನೋಡಿದರೆ ದರ್ಜಿಯ ಬುದ್ಧಿ ಗೊತ್ತಾಗುತ್ತದೆ ಅಂತ ಅಮ್ಮ ನಮ್ಮಿಬ್ಬರ ಬೆರಳಿಗೂ ಅಳತೆಪಟ್ಟಿಯಲ್ಲಿ ಹೊಡೆದು ಕಲಿಸಿದ್ದಾಳೆ. ನೀನು ಏಟು ತಿಂದು ಹೊಲಿಗೆ ಬಿಟ್ಟೆ, ನಾನು ಏಟು ತಿಂದು ದರ್ಜಿಯಾದೆ. ಹಾಗಾಗಿ ಉಕ್ಕಿನ ದಾರವನ್ನು ಬಟ್ಟೆಯ ಈಚೆಯಿಂದ ಆಚೆಗೆ ಎಳೆದು, ಒಳಗೆ ಪಟ್ಟಿ, ಹೊರಗೂ ಅದೇ ಅಳತೆಯ ಎಲೆಯ ಆಕಾರ ಮಾಡಿದೆ. ಎರಡು ಪಕ್ಕೆಯಲ್ಲೂ ಬೆಳ್ಳಗೆ ಹೊಳೆಯುವ ಎಲೆ. ಅದೂ ಅದೇ ದಾರ ಅಂತ ರೇಡಿಯೋದವರಿಗೆ ಹೇಳಲಿಲ್ಲ, ಅವರಿಗೆ ಹೊಲಿಗೆಯ ಗಂಧವಿಲ್ಲ ಅಂತ. ಕಂಡರೂ ಬರೀ ಅಲಂಕಾರ ಅಂದುಕೊಂಡಿರಬೇಕು.

ಅಂಗಿ ತೊಡಿಸಿ ದೊರೆಯನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದ ದಿನ ನೀನು ಇರಬೇಕಿತ್ತು. ರೇಡಿಯೋದವರು ಗುಂಡಿ ಒತ್ತಿದರು. ಏಳೂ ದೀಪ ಒಮ್ಮೆ ಮಿಟುಕಿದವು. ಮತ್ತೊಮ್ಮೆ. ಮತ್ತೊಮ್ಮೆ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತುಬಿಟ್ಟೆ. ಆರು ವಾರ ಸುಳ್ಳು ಹೇಳಿದ್ದು ಕಣ್ಣ ಮುಂದೆ ನಿಜವಾಗಿ ಮಿಣುಕುತ್ತಿತ್ತು. ಅವತ್ತು ನಿನಗೆ, “ಚೆನ್ನಾಗಿ ಹೊಡ್ಕೊಳ್ತಿದೆ” ಅಂದಾಗ ನನ್ನ ದನಿ ಯಾಕೆ ಹಾಗಿತ್ತು ಅಂತ ಕೇಳಿದೆಯಲ್ಲ, ನೆಗಡಿ ಅಂದೆ. ನೆಗಡಿಯಲ್ಲ.

ಖುಷಿ ಒಂದು ದಿನವೂ ಬಾಳಲಿಲ್ಲ. ಮರುದಿನ ಸಂಜೆ ಕುರ್ಚಿಯಲ್ಲಿ ಕೂತು ಅವನನ್ನು ಮೊದಲ ಸಲ ಮಡಿಲಿಗೆ ಕರೆದೆ. ನೀನು ಸಾಕಿದ ಭಾರ, ಜಾರಿ ಬೀಳದ ಹಾಗೆ ಎರಡು ಕೈಯಲ್ಲೂ ಎರಡು ಪಕ್ಕೆ ಹಿಡಿದುಕೊಂಡೆ. ದೀಪ ನೋಡುತ್ತೇನೆ, ಎರಡು ಸಲ ಮಿಟುಕಿ ಸುಮ್ಮನಾಯಿತು. ಆಮೇಲೆ ಒಂದು. ಮತ್ತೆ ಮೂರು, ಗಡಿಬಿಡಿಯಲ್ಲಿ, ಮತ್ತೆ ತೆರಪು. ಕೆಳಗಿಳಿಸಿದೆ, ಸರಿಹೋಯಿತು. ಎತ್ತಿಕೊಂಡೆ, ಮತ್ತೆ ತಪ್ಪಿತು. ಒಂಬತ್ತು ದಿನ ಅದೇ ಪಾಡು. ನೆಲದ ಮೇಲೆ ಸರಿ, ನನ್ನ ಮಡಿಲಲ್ಲಿ ತಪ್ಪು. ರೇಡಿಯೋದವರು ಡಬ್ಬಿ ಬಿಚ್ಚಿ ನೋಡಿ, “ಯಂತ್ರದಲ್ಲೇನೂ ದೋಷ ಇಲ್ಲ” ಅಂದರು.

ನಾನೇನು ಅರ್ಥ ಮಾಡಿಕೊಂಡೆ ಅಂತ ನಿನಗೆ ಬಿಡಿಸಿ ಹೇಳಬೇಕೇ? ಮಡಿಲು ಅಂದರೆ ಅವನಿಗೆ ನೀನು. ನನ್ನ ಮಡಿಲಿಗೆ ಬಂದಾಗಲೆಲ್ಲ ನೀನಿಲ್ಲ ಅನ್ನುವುದು ನೆನಪಾಗಿ ಅವನ ಎದೆ ಒಡೆಯುತ್ತಿದೆ ಅಂದುಕೊಂಡೆ. ಅಥವಾ ನನ್ನನ್ನು ಕಂಡರೇ ಭಯ. ಇವಳ ಕೈಗೆ ಯಾವ ಜೀವಾನೂ ಕೊಡಬಾರದು ಅನ್ನುವುದು ನಾಯಿಗೂ ಗೊತ್ತಾಗಿಬಿಟ್ಟಿದೆ ಅನ್ನಿಸಿತು. ಮೊದಲು ಗೊತ್ತಾಗದೆ ಸುಳ್ಳು ಹೇಳುತ್ತಿದ್ದೆ, ಈಗ ಗೊತ್ತಿದ್ದೂ ಹೇಳತೊಡಗಿದೆ. ಆ ವಾರವೇ ನಿನ್ನ ಮಗಳು ಫೋನಿನಲ್ಲಿ, ಅಮ್ಮ ಮೊದಲ ಸಲ ಬಾಗಿಲವರೆಗೆ ನಡೆದಳು, ದೊರೆ ಹತ್ತಿರ ಹೋಗಬೇಕು ಅಂತ ಹಟ ಹಿಡಿದು ನಡೆದಳು ಅಂದಳು. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹತ್ತನೆಯ ದಿನ ಅಂಗಡಿಗೆ ಬೀಗ ಹಾಕಿ ಅವನನ್ನು ನಾಯಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆಯ ಬಾಯಿ ನಿನಗೆ ಗೊತ್ತಲ್ಲ, ನನ್ನದಕ್ಕಿಂತ ಒಂದು ಅಳತೆ ದೊಡ್ಡದು. ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, “ಹೋದ ಸಲಕ್ಕಿಂತ ಚೆನ್ನಾಗಿದ್ದಾನೆ. ಗುಳಿಗೆ ಕೆಲಸ ಮಾಡ್ತಿದೆ. ಕರ್ಕೊಂಡು ಹೋಗಿ” ಅಂದರು. ನಾನು ಬಿಡಲಿಲ್ಲ. ನೀವು ಸರಿಯಾಗಿ ಕೇಳಿಲ್ಲ, ದೀಪ ನೋಡಿ ಅಂತ ಜಗಳಕ್ಕೆ ನಿಂತೆ. ಅಂಗಿ ತೊಡಿಸಿ, ಎರಡು ಕೈಯಲ್ಲೂ ಹಿಡಿದು ತೋರಿಸಿದೆ. ಎರಡು ಮಿಟುಕು, ತೆರಪು. ಒಂದು, ತೆರಪು. “ಕಾಣಿಸ್ತಾ?” ಅಂದೆ, ಗೆದ್ದವಳ ಹಾಗೆ, ಅಳುತ್ತಾ.

ಡಾಕ್ಟರಮ್ಮ ಅಂಗಿಯೊಳಗೆ ಸ್ಟೆತಸ್ಕೋಪು ತೂರಿಸಿ ಕೇಳಿದರು, ದೀಪ ನೋಡಿದರು, ಮತ್ತೆ ಕೇಳಿದರು. “ನಾಯಿ ಎದೆ ಒಂದು ಹೇಳ್ತಿದೆ, ಲೈಟು ಇನ್ನೊಂದು ಹೇಳ್ತಿದೆ. ಕೈ ತೆಗೀರಿ” ಅಂದರು. ತೆಗೆದೆ. ದೀಪ ಸರಿಯಾಗಿ ಮಿಣುಕಿತು. “ಇಡಿ.” ಇಟ್ಟೆ. ತಪ್ಪಿತು. ಆಗ ಅವರು ನಾಯಿಯನ್ನು ಬಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡರು. ಕಣ್ಣು ದೀಪದ ಮೇಲೆ, ಬೆರಳು ನನ್ನ ನಾಡಿಯ ಮೇಲೆ. ಒಂದು ನಿಮಿಷ ಹಾಗೇ ನಿಂತು, “ಅಮ್ಮಾ, ಇದು ಅವನದಲ್ಲ. ನಿಮ್ಮದು” ಅಂದರು.

ನಾನೇನು ಅಂದೆ ಹೇಳು? “ಅಬ್ಬಾ, ನಂದಾ! ಸದ್ಯ!” ಅಂದೆ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ಅಕ್ಕ. ಅಲ್ಲೇ ಸ್ಟೂಲಿನ ಮೇಲೆ ಕೂತು, ದೊರೆಯ ಮುಖ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನೀನು ಸಾಯಲ್ಲ ಕಣೋ, ನೀನು ಸಾಯಲ್ಲ ಅಂತ ಅವನಿಗೆ ಹೇಳಿದ್ದೇ ಹೇಳಿದ್ದು. ಅವನು ನನ್ನ ಮೂಗು ನೆಕ್ಕಿದ. ಡಾಕ್ಟರಮ್ಮನಿಗೆ ಎಲ್ಲಿತ್ತೋ ಕೋಪ. “ನಗೋ ವಿಷಯಾನಾ ಇದು? ನಾನು ನಾಲ್ಕು ಕಾಲಿನವರಿಗೆ ಮಾತ್ರ ಡಾಕ್ಟರು. ಈಗಲೇ ಎರಡು ಕಾಲಿನವರ ಡಾಕ್ಟರ ಹತ್ರ ಹೋಗಿ. ನಾಯಿ ಇಲ್ಲೇ ಇರಲಿ, ನೋಡ್ಕೊಳ್ತೀನಿ” ಅಂತ ನನ್ನನ್ನು ಬಾಗಿಲವರೆಗೆ ದಬ್ಬಿಕೊಂಡೇ ಬಂದರು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನನಗೆ ನೋಡು, ಒಂದು ನಾಯಿ, ಏಳು ದೀಪ, ಒಬ್ಬ ರೇಡಿಯೋ ರಿಪೇರಿಯವರು ಬೇಕಾಯಿತು. ಅವರು ಆಮೇಲೆ ಅಂಗಿಯನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡರು. ಹೊರಗಿನ ಎಲೆಯೂ ಒಳಗಿನ ಪಟ್ಟಿಯೂ ಒಂದೇ ದಾರ, ನನ್ನ ಎರಡು ಅಂಗೈ ನೇರ ಎಲೆಗಳ ಮೇಲೆ. ನಾಯಿಯ ಎದೆ ಮೋಟು ಕೂದಲ ಮರೆಯಿಂದ ಪಿಸುಗುಟ್ಟುತ್ತಿತ್ತು, ನಿಮ್ಮದು ಬಾಗಿಲಲ್ಲೇ ನಿಂತು ಕೂಗಿತು, ದೀಪ ಕೂಗಿದವರ ಮಾತು ಕೇಳಿತು ಅಂದರು. “ಒಳಗೆ ಮಾತ್ರ ಅಂತ ಹೇಳಿದ್ದೆ ತಾನೇ?” ಅಂತ ಗದರಿ, ಅಂಗಿಯನ್ನು ಮಡಿಸಿ ನನ್ನ ಕೈಗಿಡುತ್ತಾ, “ನೀವು ಯಾರ ಮಾತೂ ಕೇಳದೆ ಇದ್ದದ್ದು ಒಳ್ಳೇದೇ ಆಯ್ತು” ಅಂದರು. ಅಮ್ಮನ ಅಳತೆಪಟ್ಟಿಯ ಏಟು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಗಾಬರಿ ಬೀಳಬೇಡ, ಮುಂದಿನದನ್ನು ನಿಧಾನವಾಗಿ ಓದು. ಎರಡು ಕಾಲಿನವರ ಡಾಕ್ಟರು ಎದೆಯ ಪರೀಕ್ಷೆ ಎಲ್ಲ ಮಾಡಿಸಿದರು. ಹೃದಯದಲ್ಲಿ ಕೊರತೆಯಿಲ್ಲ, ರಕ್ತದಲ್ಲಿ ಕೊರತೆ. ರಕ್ತ ನೀರಾಗಿತ್ತಂತೆ, ಬಡಿತ ತಪ್ಪುತ್ತಿದ್ದದ್ದೂ ಏದುಸಿರು ಬರುತ್ತಿದ್ದದ್ದೂ ಅದಕ್ಕೇ ಅಂತೆ. ಬಿ-ಹನ್ನೆರಡು ಅನ್ನುವ ವಿಟಮಿನ್ನು ಮೈಯಲ್ಲಿ ಹೆಸರಿಗೂ ಇರಲಿಲ್ಲವಂತೆ. ಏನು ತಿನ್ನುತ್ತೀರಿ ಅಂತ ಕೇಳಿದರು. ನಿಂತೇ ಚಹಾ, ಅದ್ದಿಕೊಂಡು ಬಿಸ್ಕತ್ತು, ಒಬ್ಬಳಿಗೋಸ್ಕರ ಯಾರು ಬೇಯಿಸುತ್ತಾರೆ ಅಂದೆ. ಅವರು ಬೈದಿದ್ದನ್ನು ಬರೆಯುವುದಿಲ್ಲ, ನೀನು ಬಂದು ಹೊಸದಾಗಿ ಬೈಯುವೆಯಲ್ಲ. ಇನ್ನೂ ತಡಮಾಡಿದ್ದರೆ ನರಗಳು ಸರಿಪಡಿಸಲಾಗದಷ್ಟು ಕೆಡುತ್ತಿದ್ದವಂತೆ. ಹೌದು, ಬೆರಳು ಮರಗಟ್ಟಿದ್ದಕ್ಕೆ ಸೂಜಿಯೂ ಕಾರಣವಲ್ಲ, ವಯಸ್ಸೂ ಅಲ್ಲ, ಅದೇ ಕಾರಣ. ಮೂರು ತಿಂಗಳಿಂದ ಇಂಜೆಕ್ಷನ್ನು, ಗುಳಿಗೆ. ಬೇಯಿಸಿ ತಿನ್ನುತ್ತೇನೆ, ಕೂತು ತಿನ್ನುತ್ತೇನೆ. ಎದುರಿಗೆ ದೊರೆ ಕೂತು ತುತ್ತು ಎಣಿಸುತ್ತಾನೆ. ಮೊನ್ನೆ ತೋರಿಸಿಕೊಂಡಾಗ ನನ್ನ ಬಡಿತ ಒಂದೂ ತಪ್ಪಲಿಲ್ಲ. ಅಂಗಡಿ ಮುಚ್ಚುವುದಿಲ್ಲ. ಟೀಚರಮ್ಮ ಮೂರು ಬಟ್ಟೆ ಕೊಟ್ಟು ಹೋಗಿದ್ದಾರೆ.

ಇಷ್ಟೇ ನನ್ನ ಗುಟ್ಟು. ಬರೆದು ಮುಗಿಸುವಷ್ಟರಲ್ಲಿ ಮೈ ಹಗುರಾಯಿತು. ನೀನು ನನ್ನ ಕೈಗೆ ಕೊಟ್ಟ ಜೀವ ಕ್ಷೇಮವಾಗಿದೆ ಅಕ್ಕ. ಜೊತೆಗೆ ನೀನು ಕೊಡದೇ ಇದ್ದ ಇನ್ನೊಂದು ಜೀವವನ್ನೂ ಅವನು ಉಳಿಸಿ ಇಟ್ಟಿದ್ದಾನೆ. ಅವನನ್ನು ಕರೆದುಕೊಂಡು ಹೋಗಲು ಬರುವಾಗ ಒಂದು ವಾರಕ್ಕಾಗುವಷ್ಟು ಬಟ್ಟೆ ತಗೊಂಡು ಬಾ. ಒಂದೇ ದಿನದಲ್ಲಿ ಅವನನ್ನು ಬಿಟ್ಟುಕೊಡಲು ನನ್ನಿಂದಾಗುವುದಿಲ್ಲ. ನಾಯಿ ಅಂದರೆ ಅಷ್ಟಕ್ಕಷ್ಟೆ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ.

ಇನ್ನು ಸುಳ್ಳು ಹೇಳಲಾರದ,
ನಿನ್ನ ತಂಗಿ

ಮರೆತದ್ದು: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಗಿ ಒಗೆದು ಹಗ್ಗದ ಮೇಲೆ ಹಾಕಿದ್ದೇನೆ, ಡಬ್ಬಿ ರೇಡಿಯೋದವರ ಹತ್ತಿರವಿದೆ. ಈಗ ದೊರೆ ಎದ್ದು ಬಂದು ಬರೀ ಮೈಯಲ್ಲಿ ನನ್ನ ಮಡಿಲು ಹತ್ತಿದ. ಬೀಳದಿರಲಿ ಅಂತ ಹಿಡಿದುಕೊಂಡೆ, ಅಷ್ಟೇ, ಹುಡುಕಲಿಲ್ಲ. ಎಡಗಡೆ ಮುಂಗಾಲಿನ ಹಿಂದೆ, ನನ್ನ ಹೆಬ್ಬೆರಳ ಕೆಳಗೆ, ಏನೋ ಮಿಸುಕಿತು. ಮತ್ತೆ ಮಿಸುಕಿತು. ಉಸಿರು ಬಿಗಿಹಿಡಿದು ಕೂತೆ. ಸಣ್ಣಗೆ, ಬಿಡದೆ, ಒಳಗಿನಿಂದ ಯಾರೋ ಹೊಲಿಯುತ್ತಿರುವ ಹಾಗೆ. ಈ ಕಾಗದ ಕೈಗೆ ಬಂದ ದಿನ ಫೋನ್ ಮಾಡಿ, ಕೈ ಇಟ್ಟು ನೋಡಿದ್ಯಾ ಅಂತ ಕೇಳು. ಇನ್ನೊಂದು ಸಲ ಕೇಳು.